ಕುರ್ಚಿ ಕಂಡಾಗ ಏಳುವ ಆತ್ಮಸಾಕ್ಷಿ

ನಮ್ಮ ರಾಜಕಾರಣಿಗಳಿಗೆ ಆತ್ಮಸಾಕ್ಷಿಯೇ ಇಲ್ಲ ಎಂದು ಗೊಣಗುವವರು ಅವರಿಗೆ ಅನ್ಯಾಯ ಮಾಡುತ್ತಿದ್ದಾರೆ. ಇದೆ, ಬೇಕಾದಷ್ಟಿದೆ. ನಿದ್ದೆ ಸ್ವಲ್ಪ ಜಾಸ್ತಿ, ಅಷ್ಟೆ. ಬರ, ನೆರೆ, ಬೆಲೆ ಏರಿಕೆ ಯಾವುದಕ್ಕೂ ಮಗ್ಗುಲು ಬದಲಿಸದ ಅದು, ಸಂಪುಟ ವಿಸ್ತರಣೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಧಡಕ್ಕನೆ ಎದ್ದು ಕೂರುತ್ತದೆ.

ಅದನ್ನು ದೇಶಮಟ್ಟದಲ್ಲಿ ಎಬ್ಬಿಸಿದ ಕೀರ್ತಿಯಲ್ಲಿ ಬೆಂಗಳೂರಿಗೂ ಪಾಲಿದೆ. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿಗರು ಸೇರಿದ್ದರು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಹುದ್ದೆಗೆ ನೀಲಂ ಸಂಜೀವ ರೆಡ್ಡಿ ಎಂದು ಹಿರಿಯರು ತೀರ್ಮಾನಿಸಿದರು. ಇಂದಿರಾ ಗಾಂಧಿ ನಾಮಪತ್ರಕ್ಕೆ ಸಹಿಯನ್ನೂ ಹಾಕಿದರು. ಆಮೇಲೆ, ಅವರವರ ಆತ್ಮಸಾಕ್ಷಿ ಹೇಳಿದಂತೆ ಮತ ಹಾಕಿ ಎಂದರು. ಆಗಸ್ಟಿನಲ್ಲಿ ವಿ.ವಿ. ಗಿರಿ ಗೆದ್ದರು, ವರ್ಷ ಮುಗಿಯುವುದರೊಳಗೆ ಪಕ್ಷ ಎರಡು ಹೋಳಾಯಿತು. ಸಹಿ ಹಾಕುವಾಗ ಮಲಗಿದ್ದ ಆತ್ಮಸಾಕ್ಷಿ ಮತ ಹಾಕುವ ಹೊತ್ತಿಗೆ ಸರಿಯಾಗಿ ಎಚ್ಚರವಾಗಿತ್ತು.

ಹೀಗೆ ಎದ್ದ ಆತ್ಮಸಾಕ್ಷಿ ಕಂಡಕಂಡ ಕಡೆ ಹಾರತೊಡಗಿದಾಗ ಸಂಸತ್ತು 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ತಂದಿತು. ನೀನು ಅನುಸರಿಸುವ ನಿಯಮವನ್ನು ಲೋಕದಲ್ಲಿ ಎಲ್ಲರೂ ಅನುಸರಿಸುವಂತಿದ್ದರೆ ಮಾತ್ರ ಅದು ನೀತಿ ಎಂದಿದ್ದ ಜರ್ಮನಿಯ ತತ್ವಜ್ಞಾನಿ ಕಾಂಟ್. ಪಾಪ, ಲೆಕ್ಕದಲ್ಲಿ ಹಿಂದೆ. ನಮ್ಮ ಸಂಸತ್ತು ಎಲ್ಲರೂ ಯಾಕೆ, ಮೂರನೇ ಒಂದು ಭಾಗ ಸಾಕು ಎಂದಿತು. ಒಬ್ಬ ಹಾರಿದರೆ ದ್ರೋಹ, ಮೂರರಲ್ಲೊಂದು ಪಾಲು ಹಾರಿದರೆ ಸಿದ್ಧಾಂತ! 2003ರಲ್ಲಿ ಆ ರಿಯಾಯಿತಿ ರದ್ದಾಯಿತು. ಈಗ ಸಿದ್ಧಾಂತ ಅನ್ನಿಸಿಕೊಳ್ಳಲು ಮೂರರಲ್ಲೆರಡು ಪಾಲು ಬೇಕು, ಅದನ್ನು ವಿಲೀನ ಎನ್ನಬೇಕು. ಎಲ್ಲದರ ಬೆಲೆಯೂ ಏರುವಾಗ ನೀತಿಯದು ಏರಬಾರದೇ?

ಅಷ್ಟು ಜನ ಸಿಗದವರು ರಾಜೀನಾಮೆಯ ದಾರಿ ಹಿಡಿದರು. 2019ರ ಜುಲೈ ನೆನಪಿರಬಹುದು. ನಮ್ಮ ಶಾಸಕರು ಮುಂಬೈನ ಪೊವಾಯಿಯ ಐಷಾರಾಮಿ ಹೋಟೆಲಿನ ಒಳಗೆ. ಗೆಳೆಯರನ್ನು ನೋಡಬೇಕೆಂದು ಅದೇ ಹೋಟೆಲಿನಲ್ಲಿ ರೂಮು ಬುಕ್ ಮಾಡಿ ಬಂದ ಸಚಿವ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಗೇಟಿನ ಹೊರಗೆ. ನಡುವೆ ಪೊಲೀಸರು, ಬ್ಯಾರಿಕೇಡು. ಒಳಗಿದ್ದವರು ತಮಗೆ ರಕ್ಷಣೆ ಕೊಡಿ ಎಂದು ಪೊಲೀಸರಿಗೆ ಪತ್ರ ಬರೆದಿದ್ದರು. ಹೋಟೆಲಿನವರು ಬುಕಿಂಗ್ ರದ್ದು ಮಾಡಿದರು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ದೇವರು ಆಗ ಪೊವಾಯಿಗೆ ವರ್ಗವಾಗಿದ್ದನೋ ಏನೋ.

ಕುರ್ಚಿ ಹತ್ತುವಾಗ ಆತ್ಮಸಾಕ್ಷಿಯಾದರೆ, ಅಲುಗಾಡುವಾಗ ಕಣ್ಣೀರು. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದುಕೊಂಡೇ, ತಾನು ವಿಷ ನುಂಗಿದ ವಿಷಕಂಠ ಎಂದು ವೇದಿಕೆಯ ಮೇಲೆ ಅತ್ತರು. 2021ರ ಜುಲೈ 26ರಂದು ಸರ್ಕಾರದ ಎರಡನೇ ವರ್ಷದ ಸಮಾರಂಭದಲ್ಲೇ ಬಿ.ಎಸ್. ಯಡಿಯೂರಪ್ಪ ಕಣ್ಣೊರೆಸಿಕೊಂಡು ರಾಜೀನಾಮೆ ಪ್ರಕಟಿಸಿದರು. ಅವರ ಕಣ್ಣೀರು ಸುಳ್ಳು ಎನ್ನುವಷ್ಟು ಕಟುಕ ನಾನಲ್ಲ. ಆದರೆ ಪಿಂಚಣಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತು ಅಳುವ ಮುದುಕಿಯ ಮುಂದೆ ಯಾವ ಕ್ಯಾಮೆರಾವೂ ಇರುವುದಿಲ್ಲ.

ಇನ್ನು ನೈತಿಕ ಹೊಣೆ. ಮೌಲ್ಯಾಧಾರಿತ ರಾಜಕಾರಣವನ್ನು ಮನೆಮಾತಾಗಿಸಿದ ರಾಮಕೃಷ್ಣ ಹೆಗಡೆಯವರು ಲೋಕಸಭೆಯಲ್ಲಿ ಪಕ್ಷ ಸೋತಿತೆಂದು ವಿಧಾನಸಭೆ ವಿಸರ್ಜಿಸಿ, 1985ರಲ್ಲಿ 139 ಸ್ಥಾನ ಗೆದ್ದು ಬಂದರು. ಮಾರನೇ ವರ್ಷ ಸಾರಾಯಿ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಟೀಕಿಸಿದಾಗ ಮತ್ತೆ ರಾಜೀನಾಮೆ. ಈ ಸಲ ಮೂರು ದಿನಕ್ಕೇ ಅದು ವಾಪಸಾಯಿತು. ಹಾಗಂತ ನಗಬೇಡಿ. ಈಗಿನವರಲ್ಲಿ ಮೂರು ದಿನದ ನೈತಿಕತೆಯನ್ನಾದರೂ ತೋರಿಸಿ ನೋಡೋಣ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವರನ್ನು ಬೈದು ನಾವು ಕೈ ತೊಳೆದುಕೊಳ್ಳಬಹುದಿತ್ತು. ಅಡ್ಡಿಯಾಗಿರುವುದು 2019ರ ಡಿಸೆಂಬರ್ ಉಪಚುನಾವಣೆ. ರಾಜೀನಾಮೆ ಕೊಟ್ಟಿದ್ದ ಆ ಶಾಸಕರ ಅನರ್ಹತೆ ಸರಿಯೇ, ಆದರೆ ಅವರು ಸ್ಪರ್ಧಿಸಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪನ್ನು ಜನರ ಕೈಗೆ ಬಿಟ್ಟಿತ್ತು. ಬಿಜೆಪಿ ಟಿಕೆಟ್ ಪಡೆದ 13 ಅನರ್ಹರಲ್ಲಿ 11 ಮಂದಿಯನ್ನು ಜನ ಗೆಲ್ಲಿಸಿದರು. ಅವರಲ್ಲಿ ಹತ್ತು ಮಂದಿ 2020ರ ಫೆಬ್ರುವರಿ 6ರಂದು ಸಚಿವರಾದರು. ಜುಲೈಯಲ್ಲಿ ಅತೃಪ್ತರು, ತಿಂಗಳು ಮುಗಿಯುವುದರೊಳಗೆ ಅನರ್ಹರು, ಡಿಸೆಂಬರಿನಲ್ಲಿ ಜನಪ್ರಿಯರು, ಫೆಬ್ರುವರಿಯಲ್ಲಿ ಮಾನ್ಯ ಸಚಿವರು. ಅವರ ಆತ್ಮಸಾಕ್ಷಿಗೆ ಸರ್ಟಿಫಿಕೇಟು ಕೊಟ್ಟ ಶಾಯಿ ಮತದಾರರ ಬೆರಳ ಮೇಲಿತ್ತು.

ಆದ್ದರಿಂದ ಓದುಗ ಮಹಾಶಯರೇ, ಮುಂದಿನ ಸಲ ನಿಮ್ಮ ಶಾಸಕರು ಎದೆ ಮುಟ್ಟಿಕೊಂಡು ಆತ್ಮಸಾಕ್ಷಿಯ ಮಾತು ತೆಗೆದರೆ ಭಾವುಕರಾಗಬೇಡಿ. ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ಯಾವ ಖಾತೆ?