ಹೆಣಕ್ಕೂ ಟಿಕೆಟ್, ಡಬ್ಬಿಗೂ ನಿಯಮ

ಇಂಗ್ಲೆಂಡಿನ ಬ್ರುಕ್‌ವುಡ್ ಸ್ಮಶಾನಕ್ಕೆ 1854ರಿಂದ ಲಂಡನ್ನಿನ ವಾಟರ್ಲೂ ಬಳಿಯಿಂದ ಹೆಣಗಳಿಗೆಂದೇ ರೈಲು ಓಡುತ್ತಿತ್ತು. ಹೆಣಕ್ಕೂ ಒಂದನೆಯ, ಎರಡನೆಯ, ಮೂರನೆಯ ದರ್ಜೆ! ಅಳುವವರಿಗೆ ಹೋಗಿಬರುವ ಟಿಕೆಟ್, ಪೆಟ್ಟಿಗೆಯಲ್ಲಿದ್ದವರಿಗೆ ಬರೀ ಹೋಗುವ ಟಿಕೆಟ್. ಲೆಕ್ಕ ಅಂದರೆ ಲೆಕ್ಕ. 1941ರಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ನಿಲ್ದಾಣ ಹಾಳಾಯಿತು, ರೈಲೂ ನಿಂತಿತು. ಬ್ರುಕ್‌ವುಡ್‌ನಲ್ಲೇ ಇರುವ ಯುದ್ಧ ಸಮಾಧಿಗಳಲ್ಲಿ ಮಾತ್ರ ದರ್ಜೆಯಿಲ್ಲ. ಜನರಲ್‌ಗೂ ಜವಾನನಿಗೂ ಒಂದೇ ಅಳತೆಯ ಕಲ್ಲು.

ಇಂಥ ಜಾಗಗಳ ಸುತ್ತ ಸುಳಿದಾಡುವ ಹೊಸ ಜಾತಿಯೊಂದಿದೆ: ಜಿಯೋಕ್ಯಾಚಿಂಗ್‌ನವರು. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್‌ಗೆ ಬೇಕೆಂದೇ ಹಾಕಿದ್ದ ಮಸುಕು ತೆಗೆಯಿತು. ಮರುದಿನವೇ ಈ ಆಟ ಹುಟ್ಟಿತು. ಒಬ್ಬರು ಡಬ್ಬಿ ಅಡಗಿಸಿ ಜಾಗದ ಅಕ್ಷಾಂಶ-ರೇಖಾಂಶ ಹೇಳುತ್ತಾರೆ, ಮಿಕ್ಕವರು ಜಿಪಿಎಸ್ ಹಿಡಿದು ಹುಡುಕಿ, ಹೆಸರು ಬರೆದು, ಅಲ್ಲೇ ಇಡುತ್ತಾರೆ. ಜಾಗದ ಒಡೆಯರ ಅಪ್ಪಣೆಯಿಲ್ಲದೆ ಡಬ್ಬಿಯನ್ನು ಹೂಳುವಂತಿಲ್ಲ ಎಂಬುದು ನಿಯಮ. ಅದೂ ಹೂಳುವುದಕ್ಕೇ ಹೆಸರಾದ ಜಾಗದ ಪಕ್ಕದಲ್ಲಿ!

ಸಭ್ಯರು ಸಮಾಧಿ ಮುಟ್ಟುವುದಿಲ್ಲ. ಕಲ್ಲಿನ ಇಸವಿಗಳನ್ನು ಕೂಡಿ ಕಳೆದು, ಬರುವ ಅಂಕಿಗಳಿಂದ ಬೇಲಿಯಾಚೆಯ ಡಬ್ಬಿಯ ಜಾಗ ಕಂಡುಹಿಡಿಯುತ್ತಾರೆ. ಮೊಬೈಲ್ ಹಿಡಿದು, ತುಟಿ ಅಲ್ಲಾಡಿಸುತ್ತ ನಿಂತವನನ್ನು ಹೂ ತಂದ ಅಜ್ಜಿ ಕನಿಕರದಿಂದ, "ನಿಮ್ಮ ಮುತ್ತಜ್ಜನೇನಪ್ಪಾ?" ಎಂದರೆ ಏನು ಹೇಳಬೇಕು? "ಅಲ್ಲ ಅಜ್ಜಿ, ಇವರಿಂದ ಏಳು ಕಳೆಯಬೇಕು" ಎಂದೇ?