ಸಾಸಿವೆ ಡಬ್ಬಿ, ಜಂಟಿ ಖಾತೆ

ದಿಲ್ಲಿಯ ಆರ್.ಕೆ. ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಯಾರಿಗೆ ಎಷ್ಟು ಸಂಬಳ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ನೆನಪಿದೆಯೇ? ಟೈಪ್ ಟೂ, ಟೈಪ್ ತ್ರೀ ಅಂದರೆ ಸಾಕು, ತರಕಾರಿ ಗಾಡಿಯವನಿಗೂ ಅಂದಾಜು ಸಿಕ್ಕಿಬಿಡುತ್ತಿತ್ತು. ಆದರೆ ಅದೇ ಮನೆಯೊಳಗೆ ಹೋಗಿ, ಜಿ.ಪಿ.ಎಫ್.ನಲ್ಲಿ ಎಷ್ಟಿದೆ, ಎಲ್.ಐ.ಸಿ. ಬಾಂಡು ಎಲ್ಲಿದೆ ಅಂತ ಮನೆಯಾಕೆಯನ್ನು ಕೇಳಿದರೆ, ‘ಅದೆಲ್ಲ ನಮ್ಮೆಜಮಾನರಿಗೇ ಗೊತ್ತು’ ಅನ್ನುತ್ತಿದ್ದರು. ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿಗೆ ಬಂದ ಮೇಲೂ ಆ ಮಾತು ಬದಲಾಗಿಲ್ಲ. ನಿನ್ನೆ ನೀವೂ ಗೋಡೆಯಾಚೆಯಿಂದ ಅದನ್ನೇ ಅಂದಿರಿ. ರಾತ್ರಿಯೆಲ್ಲ ಅದೇ ಯೋಚನೆ ನನಗೆ. ಆ ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಕೇಳಿ, ನನಗೇನೂ ಅವಸರವಿಲ್ಲ.

ನಮಗೇನು ಲೆಕ್ಕ ಬಾರದೇ? ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಇಸ್ತ್ರಿಯವನ ಲೆಕ್ಕ ಎಲ್ಲ ಬಾಯಲ್ಲೇ ಇರುತ್ತದೆ. ಊರಲ್ಲಿ ಅಮ್ಮ ಚೀಟಿ ಹಾಕುತ್ತಿದ್ದಳು. ಇಲ್ಲಿ ಪಂಜಾಬಿ ನೆರೆಯವರ ಜೊತೆ ನಾವು ಕಮಿಟಿ ಹಾಕುತ್ತೇವೆ. ಹನ್ನೆರಡು ಜನ, ತಿಂಗಳಿಗೆ ಎರಡೆರಡು ಸಾವಿರ, ಹೆಸರು ಬಂದವರಿಗೆ ಆ ತಿಂಗಳ ಇಪ್ಪತ್ನಾಲ್ಕು ಸಾವಿರ. ಒಂದು ಕಾಗದವಿಲ್ಲ, ಸಹಿಯಿಲ್ಲ, ಒಬ್ಬರೂ ಕೈ ಎತ್ತಿದ್ದಿಲ್ಲ. ಇಷ್ಟು ಅಚ್ಚುಕಟ್ಟಾಗಿ ದುಡ್ಡು ನಡೆಸುವವರಿಗೆ ಗಂಡನ ಪಾಸ್‌ಬುಕ್ ಓದುವುದು ಕಷ್ಟವೇ? ನಾನಂತೂ ನಂಬುವುದಿಲ್ಲ.

ಸಾಸಿವೆ ಡಬ್ಬಿಯ ದುಡ್ಡಿನ ಬಗ್ಗೆ ನನಗೆ ತುಂಬ ಗೌರವ. ಆದರೆ 2016ರ ನವೆಂಬರ್ 8ರ ರಾತ್ರಿ ಏನಾಯಿತು ನೋಡಿ. ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂದದ್ದೇ ತಡ, ಎಷ್ಟೋ ವರ್ಷ ಬಚ್ಚಿಟ್ಟದ್ದು ಒಂದೇ ವಾರದಲ್ಲಿ ಗಂಡ, ಅತ್ತೆ, ಮಗ ಎಲ್ಲರ ಮುಂದೆ ಬಯಲಾಯಿತು. ಹೆಂಗಸರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಬ್ಯಾಂಕಿನ ಸಾಲಿನಲ್ಲಿ ನಿಂತರು. ಎರಡೂವರೆ ಲಕ್ಷದವರೆಗಿನ ಗೃಹಿಣಿಯರ ಉಳಿತಾಯವನ್ನು ಕೆದಕುವುದಿಲ್ಲ ಅಂತ ಸರ್ಕಾರ ಹೇಳಿತ್ತು. ಆದರೂ ಒಬ್ಬಾಕೆಗೆ ನೋಟಿಸು ಬಂದು, ಆಗ್ರಾದ ಆದಾಯ ತೆರಿಗೆ ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. 2021ರಲ್ಲಿ ಅವರ ಪರವಾಗಿಯೇ ತೀರ್ಪು ಬಂತು. ಮನೆಖರ್ಚಿನಲ್ಲಿ ಉಳಿಸಿದ ದುಡ್ಡಿಗೆ ಹೆಣ್ಣುಮಗಳು ಕಟಕಟೆಯಲ್ಲಿ ನಿಂತು ಲೆಕ್ಕ ಕೊಡಬೇಕೇ? ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಆ ದುಡ್ಡು ಅವಳ ಹೆಸರಿನ ಖಾತೆಯಲ್ಲೇ ಇದ್ದಿದ್ದರೆ ಬಚ್ಚಿಡುವ ಮಾತೇ ಬರುತ್ತಿರಲಿಲ್ಲ.

ಇನ್ನು ನಮ್ಮ ಕನ್ನಡದವರ ಕಥೆ ಹೇಳುತ್ತೇನೆ, ಇಲ್ಲೇ ತಿಲಕ್ ಮಾರ್ಗದ ಸುಪ್ರೀಂ ಕೋರ್ಟಿನದು. 2024ರ ಜುಲೈ 10ರಂದು ಜೀವನಾಂಶದ ಒಂದು ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ತಮ್ಮದೇ ಪ್ರತ್ಯೇಕ ತೀರ್ಪು ಬರೆದರು. ಸ್ವಂತ ವರಮಾನವಿಲ್ಲದ ಹೆಂಡತಿಗೆ ಮನೆಖರ್ಚಿನ ಹೊರತಾಗಿ ಅವಳ ಅಗತ್ಯಕ್ಕೂ ಗಂಡ ದುಡ್ಡು ಒದಗಿಸಬೇಕು ಅಂದರು. ಜಂಟಿ ಖಾತೆ, ಎ.ಟಿ.ಎಂ. ಕಾರ್ಡು ಅಂತ ಬಿಡಿಸಿಯೇ ಹೇಳಿದರು. ಅಷ್ಟು ದೊಡ್ಡ ನ್ಯಾಯಾಲಯದಲ್ಲಿ ಎ.ಟಿ.ಎಂ. ಕಾರ್ಡಿನ ಮಾತು ಬಂದದ್ದು ನನಗೆ ಬಹಳ ಹಿಡಿಸಿತು. ಮನೆ ನಡೆಸುವ ಕಷ್ಟ ಗೊತ್ತಿದ್ದವರಿಗೇ ಅದು ಹೊಳೆಯುವುದು.

ಅವರ ತಂದೆ ಇ.ಎಸ್. ವೆಂಕಟರಾಮಯ್ಯ, 1989ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು, ನಮ್ಮ ಮಂಡ್ಯ ಸೀಮೆಯವರು. 1983ರ ಡಿಸೆಂಬರಿನಲ್ಲಿ ಅವರು ಬರೆದ ಒಂದು ತೀರ್ಪು ದಿಲ್ಲಿ ಹೈಕೋರ್ಟಿನಿಂದ ಬಂದ ಮೊಕದ್ದಮೆಯದು. 1967ರಲ್ಲಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡಿದ್ದರು. ಹತ್ತು ಹತ್ತು ಸಾವಿರದ ಎರಡು ಎಲ್.ಐ.ಸಿ. ಪಾಲಿಸಿ, ಎರಡಕ್ಕೂ ಹೆಂಡತಿಯೇ ನಾಮಿನಿ. ದುಡ್ಡೆಲ್ಲ ತನ್ನದೇ ಅಂತ ಹೆಂಡತಿ. ನಮಗೂ ಪಾಲಿದೆ ಅಂತ ತಾಯಿ ಮತ್ತು ಮಗ. ನಾಮಿನಿ ಅಂದರೆ ದುಡ್ಡು ಪಡೆದುಕೊಳ್ಳುವವರು ಅಷ್ಟೇ, ಹಕ್ಕು ವಾರಸುದಾರರದ್ದು ಅಂತ ತೀರ್ಪಾಯಿತು. ಸಾವಿಗೂ ತೀರ್ಪಿಗೂ ನಡುವೆ ಹದಿನಾರು ವರ್ಷ! ಒಂದು ಹಾಳೆ ಉಯಿಲು ಬರೆದಿಟ್ಟಿದ್ದರೆ ಅತ್ತೆ ಸೊಸೆ ಇಷ್ಟು ಕಾಲ ಕೋರ್ಟು ಅಲೆಯಬೇಕಿತ್ತೇ? ವಿಮೆಯ ಕಾನೂನನ್ನು 2015ರಲ್ಲಿ ತಿದ್ದಿ, ಹೆಂಡತಿ ಮಕ್ಕಳು ನಾಮಿನಿಯಾದರೆ ಅವರಿಗೇ ಹಕ್ಕು ಸಿಗುವ ಹಾಗೆ ಮಾಡಿದರು. ಬ್ಯಾಂಕಿನ ಎಫ್.ಡಿ.ಗೆ ಮಾತ್ರ ಇಂದಿಗೂ ಹಳೆಯದೇ ಲೆಕ್ಕ. 2025ರ ನವೆಂಬರಿನಿಂದ ಖಾತೆಗೆ ನಾಲ್ವರನ್ನು ನಾಮಿನಿ ಮಾಡಬಹುದು, ನಿಜ. ಆದರೆ ನಾಮಿನಿ ಇದ್ದಾರೆ ಅಂತ ಉಯಿಲು ಬರೆಯದೆ ಕೂರಬಾರದು.

‘ಬದುಕಿದ್ದಾಗಲೇ ಸಾವಿನ ಮಾತು ಯಾಕೆ, ಅಪಶಕುನ’ ಅಂದಿರಲ್ಲ, ಅದಕ್ಕೂ ಹೇಳುತ್ತೇನೆ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ. ಅಂಥದ್ದನ್ನು ಹುಡುಕುವುದಕ್ಕೆಂದೇ 2023ರಲ್ಲಿ ‘ಉದ್ಗಮ್’ ಅನ್ನುವ ಜಾಲತಾಣ ಮಾಡಿದ್ದಾರೆ. ಹೆಂಡತಿ ಮಕ್ಕಳಿಗೆ ಹೇಳದೆ ಹೋದವರ ದುಡ್ಡು ಅದರಲ್ಲಿ ಎಷ್ಟಿದೆಯೋ! ಆ ದುಡ್ಡಿನಲ್ಲಿ ಹೆಂಡತಿಯ ಬೆವರೂ ಇದೆಯಲ್ಲವೇ? 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಹೆಂಗಸರ ಸಂಬಳವಿಲ್ಲದ ಮನೆಗೆಲಸ ದಿನಕ್ಕೆ 299 ನಿಮಿಷ, ಗಂಡಸರದ್ದು 97. ದಿಲ್ಲಿಯ ಅಪಘಾತವೊಂದರಲ್ಲಿ ತೀರಿಕೊಂಡ ದಂಪತಿಯ ಮಕ್ಕಳಿಗೆ 2021ರ ಜನವರಿಯಲ್ಲಿ ಪರಿಹಾರ ಹೆಚ್ಚಿಸುವಾಗ ಸುಪ್ರೀಂ ಕೋರ್ಟು ಇದೇ ಅಂಕಿಯನ್ನು ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಅಂದಿತು. ನಾವು ಮಾತ್ರ ‘ನಮ್ಮದೇನಿದೆ’ ಅಂದುಕೊಂಡೇ ಇದ್ದೇವೆ.

ನಿಮ್ಮೆಜಮಾನರು ಒಳ್ಳೆಯವರು, ಬಚ್ಚಿಡುವವರಲ್ಲ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೇ. ಅವರ ಪಿಂಚಣಿ ಖಾತೆಗೆ ನಿಮ್ಮ ಹೆಸರು ಸೇರಿಸಿಕೊಳ್ಳಿ. ಕೇಂದ್ರ ಸರ್ಕಾರದ ಪಿಂಚಣಿಗೆ ಗಂಡ ಹೆಂಡತಿಯ ಜಂಟಿ ಖಾತೆ ನಡೆಯುತ್ತದೆ. ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿ.ಪಿ.ಒ.ದಲ್ಲಿ, ನಿಮ್ಮ ಹೆಸರಿದ್ದರೆ ಮುಂದೆ ಕುಟುಂಬ ಪಿಂಚಣಿಯೂ ಅದೇ ಖಾತೆಗೆ ಬರುತ್ತದೆ, ಹೊಸದು ತೆರೆಯಬೇಕಾಗಿಲ್ಲ. ‘ಐದರ್ ಆರ್ ಸರ್ವೈವರ್’ ಅಂತ ಬರೆಸಿ, ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು. ಹೇಗೂ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಅವರು ಬ್ಯಾಂಕಿಗೆ ಹೋಗುತ್ತಾರಲ್ಲ, ಈ ಸಲ ನೀವೂ ಜೊತೆಗೆ ಹೊರಡಿ. ಆಧಾರ್, ಪ್ಯಾನ್, ಎರಡು ಫೋಟೋ ಚೀಲದಲ್ಲಿರಲಿ. ಇಬ್ಬರೂ ಕೌಂಟರಿನಲ್ಲೇ ಸಹಿ ಹಾಕಬೇಕಾಗುತ್ತದೆ.