ಶಿವ ಒಂದು ಕಡೆ, ಹೈದರ್ ಇನ್ನೊಂದು ಕಡೆ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ. ಹೊರಗಿನ ಟೀ ಅಂಗಡಿಯಲ್ಲಿ ಮಾತಿಗೆ ಸಿಕ್ಕಿದ್ದು ಹೈದರಾಲಿ ಕಾಲದ ಬಹದ್ದೂರಿ ವರಹ. ತೂಕ ಮೂರೂವರೆ ಗ್ರಾಮಿಗೂ ಕಮ್ಮಿ. ಮಾತು ಮಾತ್ರ ಮಣಭಾರ.

ನಾನು: ತಾತ, ಒಂದು ಮುಖದಲ್ಲಿ ಶಿವ-ಪಾರ್ವತಿ, ಇನ್ನೊಂದರಲ್ಲಿ ಹೈದರನ ಹೆಸರಿನ ಮೊದಲಕ್ಷರ. ನೀವು ಯಾವ ಪಕ್ಷ?

ವರಹ: ಬಂಗಾರದ ಪಕ್ಷ ಕಣಪ್ಪ. ಶಿವ-ಪಾರ್ವತಿ ವಿಜಯನಗರದ ಎರಡನೇ ಹರಿಹರನ ಕಾಲದಲ್ಲೇ ಬಂದು ಕೂತವರು. ಇಕ್ಕೇರಿ ನಾಯಕರೂ ಎಬ್ಬಿಸಲಿಲ್ಲ. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರನ ಕೈಸೇರ್ತು. ಅವನಿಗೆ ಓದು-ಬರಹ ಬಾರದು, ಸಂತೆ ಚೆನ್ನಾಗಿ ಗೊತ್ತಿತ್ತು. ಗುರುತು ಬದಲಾದರೆ ಚಿನಿವಾರ ವಟ್ಟ ಹಿಡೀತಾನೆ, ಸಿಪಾಯಿ ಸಂಬಳ ಮುಟ್ಟಲ್ಲ. ಅದಕ್ಕೇ ದೇವರನ್ನ ಹಾಗೇ ಬಿಟ್ಟು ಬೆನ್ನಿಗೆ ತನ್ನದೊಂದು ಅಕ್ಷರ ಒತ್ತಿದ.

ನಾನು: ಇದನ್ನೇ ಈಗ ಸೌಹಾರ್ದ ಅಂತಾರೆ.

ವರಹ: ಅನ್ನಲಿ, ನಂಗೂ ಒಂದು ಶಾಲು ಸಿಗುತ್ತೆ. ಇನ್ನೊಂದು ಗುಂಪು ಬೂಟಾಟಿಕೆ ಅನ್ನುತ್ತೆ. ಎರಡೂ ಮುಖ ನೋಡಿ, ಒರೆಗೆ ಹಚ್ಚಿ, ಆಮೇಲೆ ಮಾತಾಡಿದವನು ಚಿನಿವಾರ ಒಬ್ಬನೇ.

ನಾನು: ನಿಮ್ಮಂಥವರು ಬೇರೆಲ್ಲಾದರೂ ಇದ್ದಾರಾ?

ವರಹ: ಬಾಲ್ಟಿಕ್ ಕಡಲಂಚಿನ ರೀಗಾದಲ್ಲಿ ಬೆಳ್ಳಿ ನೆಂಟರಿದ್ದರು. ಅಲ್ಲಿನ ಆರ್ಚ್‌ಬಿಷಪ್ಪಿಗೂ ಶಿಲುಬೆ ತೊಟ್ಟ ಲಿವೋನಿಯಾದ ಯೋಧರಿಗೂ ಹಳೇ ವೈರ. 1452ರಲ್ಲಿ ಕರಾರು ಮಾಡ್ಕೊಂಡು ಊರಿನ ಒಡೆತನ ಹಂಚ್ಕೊಂಡ್ರು. ಆಮೇಲೆ ಒಂದೇ ನಾಣ್ಯದಲ್ಲಿ ಇಬ್ಬರ ಲಾಂಛನ. ಇಬ್ಬರಿಗೂ ಏಸುವೇ ದೇವರು, ಜಗಳ ನಿಂತಿತಾ? ನನ್ನ ಮೈಮೇಲಿನ ಇಬ್ಬರು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಕ್ಷೇಮವಾಗಿದ್ದಾರೆ.

ನಾನು: ಒಡೆಯರು ಮರಳಿದ ಮೇಲೆ ಎಲ್ಲ ಸರಿಹೋಯ್ತಾ?

ವರಹ: ಮುಮ್ಮಡಿ ಕೃಷ್ಣರಾಜ ಒಡೆಯರ ರೂಪಾಯಿ ನೋಡು. ಟಂಕಸಾಲೆ ಮೈಸೂರಿನದು, ಹೆಸರು ದಿಲ್ಲಿಯ ಷಾ ಆಲಂದು. ಬಾದಷಹ 1806ರಲ್ಲೇ ತೀರಿಕೊಂಡ. ಟಂಕಸಾಲೆಗೆ ಸುದ್ದಿ ಮುಟ್ಟಲಿಲ್ಲ. ಮಯಿಲಿ ಕಾಸಿನ ಮೇಲಂತೂ ಸಿಂಹ, ಚಾಮುಂಡಿ ಹೆಸರು, ಕನ್ನಡ, ಪಾರಸಿ, ಇಂಗ್ಲಿಷು... ಪಾಪ, ತಾಮ್ರಕ್ಕೆ ಉಸಿರಾಡೋಕೆ ಜಾಗ ಇಲ್ಲ.

(ವರಹದ ಕಣ್ಣು ನನ್ನ ಜೇಬಿನ ಸಿಗರೇಟ್ ಪ್ಯಾಕಿನ ಮೇಲೆ ಬಿತ್ತು.)

ವರಹ: ಅದ್ಯಾವ ನಾಣ್ಯ? ಮೇಲೆ ಕೊಳೆತ ಗಂಟಲು, ಕೆಳಗೆ ಕಂಪನಿ ಹೆಸರು?

ನಾನು: ಗಂಟಲು ಆರೋಗ್ಯ ಸಚಿವಾಲಯದ ಅಪ್ಪಣೆ. ಪ್ಯಾಕಿನ ಮುಖದಲ್ಲಿ ನೂರಕ್ಕೆ 85 ಭಾಗ ಅದಕ್ಕೇ. ಇಲ್ಲಿ ಸೊಪ್ಪು ಹರಾಜು ಹಾಕಿಸೋ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ್ದು.

ವರಹ: ವೈರಿ ದೊರೆಗಳಾ?

ನಾನು: ಒಂದೇ ಸರ್ಕಾರ, ತಾತ.

ವರಹ: ಸುಂಕ?

ನಾನು: ಅದೂ ಅಲ್ಲಿಗೇ.

ವರಹ: ಹಾಗಾದ್ರೆ ಅಪ್ಪಟ ನಾಣ್ಯ. ಚಲಾವಣೆ ಆಗ್ಲಿ ಬಿಡು.